ಸಕ್ಕುಬಾಯಿಯ ದನಿ ಎಲ್ಲಿ ಹೋಯಿತು

ಸಕ್ಕುಬಾಯಿ ಹಾಡಲು ಕೂತಳೆಂದರೆ ಐನಾಪುರದ ಅವಳ ಓಣಿಯಲ್ಲಿ ಒಲೆಯ ಮೇಲಿನ ಪಲ್ಯ ಸೀದರೂ ಯಾರೂ ಎದ್ದು ಹೋಗುತ್ತಿರಲಿಲ್ಲ. ಹಗಲೆಲ್ಲ ವಿರುಪಾಕ್ಷಪ್ಪ ಸಾವಕಾರರ ದ್ರಾಕ್ಷಿ ತೋಟದಲ್ಲಿ ಬಳ್ಳಿ ಸವರುವ ಕೆಲಸ. ಸಂಜೆಯಾದರೆ ಓಣಿಯ ಸಮಾಜ ಮಂದಿರದಲ್ಲಿ, ಬುದ್ಧನ ಮೂರ್ತಿಯ ಮುಂದೆ, ಹಾಡು. ಗಂಡ ಮಾಯಪ್ಪ ಡೋಲಕಿ ಬಾರಿಸುತ್ತಿದ್ದ, ಮೈದುನ ಭೀಮಸಿ ಹಾರ್ಮೋನಿಯಂ ಪೇಟಿ ನುಡಿಸುತ್ತಿದ್ದ. ಅರ್ಧ ಹಾಡು ಕನ್ನಡದವು, ಅರ್ಧ ಮರಾಠಿಯವು, ಹೆಚ್ಚಿನವು ಅವಳೇ ಕಟ್ಟಿದವು.

ಅವಳ ನಾಲಿಗೆ ಹಾಡಿಗೆ ಎಷ್ಟು ಹದವಾಗಿತ್ತೋ ಎದುರುತ್ತರಕ್ಕೂ ಅಷ್ಟೇ ಹದವಾಗಿತ್ತು. ಮದುವೆಯಾದ ಹೊಸದರಲ್ಲಿ ಅತ್ತೆ, ಗಂಡಸರ ಮುಂದೆ ಕೂತು ಹಾಡಬೇಡ ಎಂದದ್ದಕ್ಕೆ, "ಹಂಗಾರ ಗಂಡಸರಿಗೆ ಕಿವಿ ಮುಚ್ಚಿಕೊಳ್ಳಾಕ ಹೇಳ್ರಿ ಅತ್ತಿ, ನನ್ನ ಬಾಯಿ ಯಾಕ ಮುಚ್ಚಸ್ತೀರಿ?" ಅಂದಿದ್ದಳು. ಅತ್ತೆ ಒಂದು ವಾರ ಮಾತು ಬಿಟ್ಟಳು. ಆಮೇಲೆ ಅವಳೇ ಮುಂದಿನ ಸಾಲಿನಲ್ಲಿ ಬಂದು ಕೂತು ತಾಳ ಹಾಕತೊಡಗಿದಳು.

ಎರಡು ಸಾವಿರದ ಏಳರ ಸುಮಾರಿಗೆ ಪುಣೆಯಿಂದ ಸಮಾಧಾನ ಎಂಬುವನು ಬಂದ. ಊರೂರು ತಿರುಗಿ ಹಾಡು ರೆಕಾರ್ಡ್ ಮಾಡಿಕೊಂಡು ಹೋಗುವುದು ಅವನ ಕೆಲಸ. ಹೊರಗಿನ ಸದ್ದು ಬಾರದಂತೆ ಸಮಾಜ ಮಂದಿರದ ಕಿಟಕಿಗಳಿಗೆಲ್ಲ ಕೌದಿ ಕಟ್ಟಿಸಿ, ನೆಲದ ಮೇಲೆ ವಯರುಗಳನ್ನು ಹಾವಿನ ಹಾಗೆ ಹರವಿ, ಅಲ್ಲಲ್ಲಿ ಮೈಕು ನಿಲ್ಲಿಸಿ ಹಾಡಿಸಿದ. ಹೋಗುವಾಗ, "ಇದು ದೊಡ್ಡ ನಮೂನಿ ಡಿಸ್ಕ್ ಆಗತೈತಿ ಸಕ್ಕೂತಾಯಿ, ಹೊರದೇಶಕ್ಕ ಹೋಗತೈತಿ" ಎಂದು ತನಗೆ ಬರುವಷ್ಟು ಕನ್ನಡದಲ್ಲಿ ಹೇಳಿದ.

ಮರುವರ್ಷ ಡಿಸ್ಕ್ ಬಂತು. ಓಣಿಯಲ್ಲಿ ಯಾರ ಮನೆಯಲ್ಲೂ ಪ್ಲೇಯರ್ ಇರಲಿಲ್ಲ. ವಿರುಪಾಕ್ಷಪ್ಪನವರ ಮನೆಯಲ್ಲಿ ಇತ್ತು, ಗೋಡೆಯಗಲದ ಟೀವಿ, ಮನುಷ್ಯನೆತ್ತರದ ಸ್ಪೀಕರು. ಸಕ್ಕುಬಾಯಿ ಮಗಳು ಕಾಂಚನಳನ್ನು ಕರೆದುಕೊಂಡು ಹೋಗಿ ಅಂಗಳದಲ್ಲಿ ನಿಂತಳು. ಸಾವಕಾರರ ಮಗ ಡಿಸ್ಕನ್ನು ಒಳಗೆ ಹಾಕಿದ. ಯಂತ್ರ ಎರಡು ಸಲ ಕಿರ್ ಎಂದಿತು. ಟೀವಿಯ ಮೇಲೆ 'ನೋ ಡಿಸ್ಕ್' ಎಂದು ಬಂತು. ಮತ್ತೆ ಹಾಕಿದ, ಮತ್ತೆ ಅದೇ.

ವಿರುಪಾಕ್ಷಪ್ಪನವರು ಜೋಕಾಲಿಯ ಮೇಲಿಂದಲೇ ನಕ್ಕರು. "ಸಕ್ಕೂ, ಪುಣೆದಾಂವ ನಿನಗ ಖಾಲಿ ತಾಟ ಕೊಟ್ಟ ಹೋಗ್ಯಾನ ನೋಡ. ಮ್ಯಾಲ ಬರೇ ಬಣ್ಣ, ಒಳಗ ಏನಿಲ್ಲ."

"ಖಾಲಿ ಇದ್ದದ್ದು ತಾಟೋ, ನಿಮ್ಮ ಮಶೀನೋ, ಅದನ್ನ ಇನ್ನ ನೋಡಬೇಕ್ರಿ ಸಾವಕಾರ್ರ" ಎಂದು ಡಿಸ್ಕ್ ಇಸಿದುಕೊಂಡು ಹೊರಬಂದಳು.

ಮಾತು ಊರಿಗೆಲ್ಲ ಹಬ್ಬಿತು. ಕಿರಾಣಿ ಅಂಗಡಿಯಲ್ಲಿ, ಹಿಟ್ಟಿನ ಗಿರಣಿಯಲ್ಲಿ ಅವಳನ್ನು ಕಂಡವರು, "ಏನ ಸಕ್ಕುಬಾಯಿ, ಹಾಡ ಯಾವಾಗ ಕೇಳಸ್ತಿ?" ಎಂದು ಕೆಣಕುವವರೇ. ಮಾಯಪ್ಪ, "ಬಿಟ್ಟಬಿಡ, ಎಷ್ಟ ಮಂದಿ ಬಾಯಿಗಿ ಕೈ ಹಿಡೀತಿ?" ಅಂದ. ಅವಳು ಬಿಡುವ ಜಾತಿಯವಳಲ್ಲ. ಸಮಾಧಾನನಿಗೆ ಫೋನು ಹಚ್ಚಿದಳು. ಅವನು ಹೇಳಿದ್ದಿಷ್ಟು: ಆ ಡಿಸ್ಕ್ ಸಾದಾ ಪ್ಲೇಯರಿನಲ್ಲಿ ನಡೆಯುವುದಿಲ್ಲ, ಎಲ್ಲ ನಮೂನೆಯ ಡಿಸ್ಕುಗಳನ್ನೂ ಓದುವ ಯುನಿವರ್ಸಲ್ ಪ್ಲೇಯರ್ ಬೇಕು, ಅದು ಇಲ್ಲೆಲ್ಲ ಸಿಗುವುದಿಲ್ಲ. ಮುಂದಿನ ತಿಂಗಳು ಕೊಲ್ಹಾಪುರದಲ್ಲಿ ಕಲಾವಿದರಿಗೆಲ್ಲ ಸತ್ಕಾರ ಇದೆ, ಬರ್ರಿ, ಶಾಲು ಹೊದಿಸುತ್ತೇವೆ.

ಕೊಲ್ಹಾಪುರಕ್ಕೆ ಅವಳು, ಗಂಡ, ಮೈದುನ ಮೂವರೂ ಹೋದರು. ಅವಳ ಸರದಿ ಬಂದಾಗ ಸಮಾಧಾನ ಶಾಲನ್ನು ಬಿಚ್ಚಿ ಹಿಡಿದ. ಸಕ್ಕುಬಾಯಿ ಹೆಗಲು ಬಾಗಿಸಲಿಲ್ಲ.

"ಶಾಲು ಮನ್ಯಾಗ ಐತಿ" ಎಂದಳು, ಮೈಕಿನಲ್ಲಿ ಎಲ್ಲರಿಗೂ ಕೇಳುವಂತೆ. "ನಾ ಹಾಡಿದ್ದು ಹೊರದೇಶದವರು ಕೇಳ್ಯಾರ. ನಾ ಕೇಳಿಲ್ಲ. ನಮ್ಮ ಓಣಿ ಕೇಳಿಲ್ಲ. ಕೊಡೂದಿದ್ದರ ಆ ಮಶೀನ ಕೊಡ್ರಿ."

ಸಭೆಯಲ್ಲಿ ಒಬ್ಬಿಬ್ಬರು ನಕ್ಕರು. ಭೀಮಸಿ ತಲೆ ತಗ್ಗಿಸಿಕೊಂಡ. ಸಮಾಧಾನನ ಮುಖ ಕೆಂಪಾಯಿತು, ಆದರೆ ಅವನು ಕೆಟ್ಟವನಲ್ಲ. ಕಾರ್ಯಕ್ರಮ ಮುಗಿದ ಮೇಲೆ ತನ್ನ ಗೆಳೆಯನ ಸ್ಟುಡಿಯೋಕ್ಕೆ ಕರೆದೊಯ್ದು, ಅಲ್ಲಿ ಬಳಸಿ ಬದಿಗಿಟ್ಟಿದ್ದ ಒಂದು ಯುನಿವರ್ಸಲ್ ಪ್ಲೇಯರನ್ನು ಕೊಡಿಸಿದ. ಕಲ್ಲಿನಷ್ಟು ಭಾರದ ಕರಿ ಪೆಟ್ಟಿಗೆ. ಸಕ್ಕುಬಾಯಿ ಅದನ್ನು ಸೀರೆಯ ಗಂಟಿನಲ್ಲಿ ಕಟ್ಟಿ, ಬಸ್ಸಿನಲ್ಲಿ ಕೂಸಿನಂತೆ ತೊಡೆಯ ಮೇಲೆ ಇಟ್ಟುಕೊಂಡು ಬಂದಳು. ಕಂಡಕ್ಟರು ಮೇಲೆ ಇಡು ಅಂದರೂ ಇಡಲಿಲ್ಲ.

ಮರುದಿನ ಓಣಿಯ ಟೀವಿಯೊಂದನ್ನು ಸಮಾಜ ಮಂದಿರಕ್ಕೆ ತಂದರು. ಪೆಟ್ಟಿಗೆಯ ಬೆನ್ನಿನ ತುಂಬ ತೂತುಗಳು. ಕಾಲೇಜಿಗೆ ಹೋಗುತ್ತಿದ್ದ ಕಾಂಚನ ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಓದಿ, 'ಫ್ರಂಟ್' ಎಂದು ಬರೆದಲ್ಲಿ ಕೆಂಪು, ಬಿಳಿ ವಯರುಗಳನ್ನೂ ಚಿತ್ರದ ತೂತಿಗೆ ಹಳದಿಯದನ್ನೂ ಚುಚ್ಚಿದಳು. ಡಿಸ್ಕ್ ಒಳಗೆ ಹೋಯಿತು. ಈ ಸಲ ಯಂತ್ರ ಓದಿತು. ಮಾಯಪ್ಪನ ಡೋಲಕಿ ಗುಡುಗಿತು. ಜನ ಚಪ್ಪಾಳೆ ಹೊಡೆದರು. ಪೇಟಿ ಬಂತು, ತಾಳ ಬಂತು, ಹಿಂದೆ ಹೇಳುವ ಹೆಂಗಸರ ದನಿ ಬಂತು.

ಸಕ್ಕುಬಾಯಿಯ ದನಿ ಬರಲಿಲ್ಲ.

ಹಾಡು ಮುಗಿಯುವತನಕ ಎಲ್ಲರೂ ಕಾದರು. ಎರಡನೆಯ ಹಾಡಿನಲ್ಲೂ ಅದೇ ಗತಿ. ಯಾರೋ ಹಿಂದಿನಿಂದ, "ಪುಣೆದವರು ಆಕಿ ದನೀನ ತಗದ ಒಗದಾರ" ಅಂದರು. ಭೀಮಸಿ ಅತ್ತಿಗೆಗೆ ಮೆಲ್ಲಗೆ, "ವೈನಿ, ಅವರಿಗಿ ಪೇಟಿ ಜಾಸ್ತಿ ಮನಸಿಗಿ ಬಂದಿರಬೇಕು" ಎಂದ. ಅವನು ಬೇಕೆಂದು ಚುಚ್ಚಿದ್ದಲ್ಲ, ಆದರೂ ಆ ಮಾತು ಚುಚ್ಚಿತು. ಗಂಟಲು ಹರಿಯುವಂತೆ ಹಾಡಿದ್ದು ಅವಳಿಗೆ ನೆನಪಿತ್ತು. ಬೇಡವಾಗಿದ್ದರೆ ಯಾಕೆ ಹಾಡಿಸಿದರು? ಯಾರಿಗೆ ಬೇಡವಾಯಿತು? ಕಣ್ಣಿಗೆ ನೀರು ಬಂತು. ಅದನ್ನು ಸೆರಗಿನಿಂದ ಒರೆಸಿ, "ನಾ ಹಾಡೀನಿ. ಹಾಡಿದ್ದು ಎಲ್ಲೂ ಹೋಗೂದಿಲ್ಲ. ಹುಡಕತೀನಿ" ಅಂದಳು.

ಸಮಾಧಾನನ ಫೋನು ಹತ್ತಲಿಲ್ಲ. ಹೊರದೇಶಕ್ಕೆ ಹೋಗಿದ್ದಾನೆಂದು ಯಾರೋ ಹೇಳಿದರು. ಪೆಟ್ಟಿಗೆಯನ್ನು ಮತ್ತೆ ಗಂಟು ಕಟ್ಟಿಕೊಂಡು ಸಕ್ಕುಬಾಯಿ ಚಿಕ್ಕೋಡಿಗೆ ಹೊರಟಳು.

ಚಿಕ್ಕೋಡಿಯ ಪೇಟೆಯಲ್ಲಿ ರೇಡಿಯೋ, ಟೀವಿ ರಿಪೇರಿ ಮಾಡುವ ಬಾಹುಬಲಿ ಎಂಬುವನ ಅಂಗಡಿ ಇತ್ತು. ಕೆಲಸ ಬಲ್ಲವನೇ, ಆದರೆ ಇಂಥ ಪೆಟ್ಟಿಗೆಯನ್ನು ಅವನೂ ಕಂಡಿರಲಿಲ್ಲ. ಮೊದಲ ದಿನ ಲೆನ್ಸಿಗೆ ಧೂಳು ಕೂತಿದೆ ಎಂದು ಒರೆಸಿ ಕೊಟ್ಟ. ಓಣಿಗೆ ಬಂದು ಹಾಕಿದರೆ ಪೇಟಿ, ಡೋಲಕಿ ಅಷ್ಟೇ. ಮತ್ತೊಂದು ಸಲ ಹೋದಾಗ ವಯರು ಹೋಗಿದೆ ಎಂದು ಬದಲಿಸಿದ. ಅದರಿಂದಲೂ ಏನೂ ಆಗಲಿಲ್ಲ. ಮೂರನೆಯ ಸಲ ಅವಳು ಗಂಟನ್ನು ಕೌಂಟರಿನ ಮೇಲೆ ಇಟ್ಟಾಗ ಬಾಹುಬಲಿ ಉಸ್ಸೆಂದ. ತನ್ನದೇ ಆಂಪ್ಲಿಫೈಯರಿಗೂ ಸ್ಪೀಕರುಗಳಿಗೂ ಜೋಡಿಸಿ ಪೂರಾ ಹಾಡು ಕೇಳಿದ.

"ಮಾವಶಿ, ಸಿಟ್ಟಾಗಬ್ಯಾಡ್ರಿ. ಮಶೀನ ಬರೋಬರಿ ಐತಿ. ಡಿಸ್ಕಿನ್ಯಾಗ ನಿಮ್ಮ ದನಿ ಇಲ್ಲ. ಇಲ್ಲದ್ದನ್ನ ನಾ ಎಲ್ಲಿಂದ ತರ್ಲಿ?"

"ಇಲ್ಲ ಅಂತ ಹೆಂಗ ಹೇಳ್ತಿ ತಮ್ಮಾ? ಇನ್ನೊಮ್ಮೆ ಹಚ್ಚ."

ಹಚ್ಚಿದ. ಹಾಡಿನ ನಡುವೆ ಒಂದು ಕಡೆ ಡೋಲಕಿ ನಿಂತಿತು, ಪೇಟಿಯೂ ನಿಂತಿತು. ಸ್ಪೀಕರಿನಲ್ಲಿ ಬರೀ ಮೌನ. ಸಕ್ಕುಬಾಯಿ ಕೌಂಟರನ್ನು ಬಡಿದಳು.

"ಇಲ್ಲಿ ನಮ್ಮ ಯಜಮಾನರು ಯಾಕ ಕೈ ನಿಲ್ಲಿಸ್ಯಾರ, ಹೇಳ ನೋಡೂಣು. ನಾ ಒಬ್ಬಾಕಿನ ಹಾಡಾಕತ್ತೀನಿ ಅಂತ! ಕಿವಿ ಹಚ್ಚ, ದೂರದಾಗ ಕೇಳಸ್ತೈತಿ."

ಬಾಹುಬಲಿ ಸ್ಪೀಕರಿಗೆ ಕಿವಿ ಹಚ್ಚಿದ. ನಿಜ. ಬಾವಿಯ ಆಚೆಯಿಂದ ಯಾರೋ ಕೂಗಿದಷ್ಟು ಸಣ್ಣಗೆ ಒಂದು ದನಿ. ಅವನ ಹುಬ್ಬು ಗಂಟಾಯಿತು. "ಹಾಡಸುವಾಗ ಎಲ್ಲಾರಿಗೂ ಒಂದ ಮೈಕ್ ಇಟ್ಟಿದ್ರೇನ್ರಿ?"

"ಒಂದ್ಯಾಕ? ಪೇಟಿಗಿ ಆ ಮಗ್ಗಲಕ, ಡೋಲಕಿಗಿ ಈ ಮಗ್ಗಲಕ. ನನ್ನ ನಟ್ಟನಡುವ ಕುಂದರಿಸಿ, ಮಾರಿ ಮುಂದ ನನಗಷ್ಟ ಬ್ಯಾರೇ ಒಂದ ಇಟ್ಟಿದ್ರು."

"ನಡುವ," ಎಂದು ಬಾಹುಬಲಿ ತನ್ನಷ್ಟಕ್ಕೆ ಅಂದುಕೊಂಡ. ಪೆಟ್ಟಿಗೆಯನ್ನು ಗರ್ರನೆ ತಿರುಗಿಸಿ ಬೆನ್ನು ನೋಡಿದ. 'ಫ್ರಂಟ್' ಎಂಬ ಜೋಡಿ ತೂತುಗಳ ಪಕ್ಕದಲ್ಲಿ, ಯಾರೂ ಏನೂ ಚುಚ್ಚದೆ ಬಿಟ್ಟಿದ್ದ 'ಸೆಂಟರ್' ಎಂಬ ಒಂಟಿ ತೂತು. ಕೆಂಪು ವಯರನ್ನು ಕಿತ್ತು ಅದಕ್ಕೆ ಚುಚ್ಚಿದ.

*ಹೊತ್ತು ಹುಟ್ಟಿ ಬಂದೈತಿ ಓಣ್ಯಾಗ, ಬಾಗಿಲ ತಗಿಯವ್ವ...*

ಅಂಗಡಿಯ ತಗಡು ನಡುಗಿತು. ಒಂದು ಸ್ಪೀಕರಿನ ತುಂಬ ಸಕ್ಕುಬಾಯಿಯೇ. ಉಸಿರು ಎಳೆದದ್ದೂ ಕೇಳಿಸಿತು, ಮೂಗುತಿ ಮೈಕಿಗೆ ತಾಗಿ ಟಿಕ್ ಎಂದದ್ದೂ ಕೇಳಿಸಿತು. ಎದುರಿನ ಬಾಂಡೆ-ಪಾತ್ರೆ ಅಂಗಡಿಯವರು ಎದ್ದು ಬಂದು ನಿಂತರು. ಕೋರ್ಟಿಗೆ ಹೊರಟಿದ್ದ ಇಬ್ಬರು ವಕೀಲರು ಬಾಗಿಲಲ್ಲೇ ನಿಂತುಬಿಟ್ಟರು. ತನ್ನ ದನಿ ಇಷ್ಟು ದಪ್ಪಗಿದೆ ಎಂದು ಸಕ್ಕುಬಾಯಿಗೆ ಇಷ್ಟು ವರ್ಷ ಗೊತ್ತಿರಲಿಲ್ಲ. ಹಾಡು ಮುಗಿಯುವತನಕ ಅವಳು ಕೌಂಟರು ಹಿಡಿದುಕೊಂಡೇ ನಿಂತಿದ್ದಳು.

ಬಾಹುಬಲಿ ಅವಳಿಗಿಂತ ಹೆಚ್ಚು ಕುಣಿದಾಡುತ್ತಿದ್ದ. "ಸುತ್ತ ಐದ ಸ್ಪೀಕರ್ ಇಟ್ಟ ಕೇಳೂ ಡಿಸ್ಕ್ ಐತ್ರಿ ಇದು ಮಾವಶಿ! ನಾವು ಎರಡ ಹಚ್ಚಿ ಕುಂತೇವಿ. ನಡುವಿಂದ ನಡುವನ ಉಳದೈತಿ." ಪೆಟ್ಟಿಗೆಗೆ ತನ್ನ ಹತ್ತಿರ ಎರಡೇ ಸ್ಪೀಕರ್ ಇವೆ ಎಂದು ತಿಳಿಸಿಬಿಟ್ಟರೆ ಅದು ನಡುವಿನ ದನಿಯನ್ನೂ ಅವೆರಡಕ್ಕೇ ಹಂಚುತ್ತದೆ ಎಂದ. ಟೀವಿಯ ಮೇಲೆ ಮೆನು ತೆಗೆಯಲು ಹೋದರೆ ಅದು ತೆರೆಯಲೊಲ್ಲದು. ಒತ್ತೀ ಒತ್ತೀ ಸಾಕಾಗಿ ಡಿಸ್ಕ್ ಹೊರಗೆ ತೆಗೆದಾಗ ಮೆನು ತಾನೇ ತೆರೆಯಿತು. ಹಾಡು ನಡೆಯುವಾಗ ಅದಕ್ಕೆ ಬೀಗವಂತೆ. ಅಲ್ಲಿ ಸೆಂಟರ್ ಸ್ಪೀಕರ್ 'ಇಲ್ಲ' ಎಂದು ಬದಲಿಸಿ ಮತ್ತೆ ಹಾಕಿದ. ಈಗ ಎಲ್ಲರೂ ಬಂದರು, ಸಕ್ಕುಬಾಯಿಯೂ ಬಂದಳು.

ಅವಳು ಸ್ವಲ್ಪ ಹೊತ್ತು ಕೇಳಿದಳು. "ಪೇಟಿ ಮೈಮ್ಯಾಲ ಬೀಳತೈತಿ. ಮೊದಲಿನಂಗ ಮಾಡ."

"ಅದಕ್ಕ ಮೂರನೇ ಸ್ಪೀಕರ್ ಬೇಕಾಗತೈತ್ರಿ."

"ಬೇಕಾದರ ಬೇಕು. ನನ್ನ ದನಿ ಮತ್ತೊಬ್ಬರ ಪೆಟ್ಟಿಗ್ಯಾಗ ಯಾಕ ಬಾಡಗಿ ಇರಬೇಕು?"

ಬಾಹುಬಲಿ ನಕ್ಕ. ಅಟ್ಟದ ಮೇಲಿಂದ ಒಂದು ಹಳೆಯ ಆಂಪ್ಲಿಫೈಯರನ್ನೂ ಜಾಳಿಗೆ ಹರಿದ ಒಂದು ಸ್ಪೀಕರನ್ನೂ ಇಳಿಸಿದ. ಮೆನುವನ್ನು ಮೊದಲಿನಂತೆ ಮಾಡಿದ. ಆ ಭಾನುವಾರ ತನ್ನ ಗಾಡಿಯ ಮೇಲೆ ಎಲ್ಲವನ್ನೂ ಹೇರಿಕೊಂಡು ತಾನೇ ಐನಾಪುರಕ್ಕೆ ಬಂದು ಜೋಡಿಸಿಕೊಟ್ಟ. ಸಮಾಜ ಮಂದಿರ ಹಿಡಿಸಲಾರದಷ್ಟು ಜನ ಸೇರಿದರು. ಹಾಡು ಶುರುವಾದ ಕೂಡಲೇ ಭೀಮಸಿ ಎದ್ದು ಬಂದು ವೈನಿಯ ಕಾಲು ಮುಟ್ಟಿದ. "ಏಳ ಮಾರಾಯಾ, ಪೇಟಿನೂ ಚಲೋ ಕೇಳಸಾಕತ್ತೈತಿ" ಎಂದು ಅವಳು ಅವನ ಬೆನ್ನಿಗೆ ಗುದ್ದಿದಳು.

ಹಾಡಿನ ನಡುವೆಯೇ ಸಾವಕಾರರ ಆಳು ಬಂದ. ಮನೆಗೆ ಸಾಂಗಲಿಯಿಂದ ಬೀಗರು ಬಂದಿದ್ದಾರೆ, ಡಿಸ್ಕೂ ಪೆಟ್ಟಿಗೆಯೂ ತಗೊಂಡು ಬರಬೇಕಂತೆ, ಅಲ್ಲಿ ದೊಡ್ಡ ಸ್ಪೀಕರಿಗೆ ಹಾಕಿ ಕೇಳುತ್ತಾರಂತೆ.

ಮಾಯಪ್ಪ ಹೆಂಡತಿಯ ಕಿವಿಯಲ್ಲಿ, "ನಾಳೆ ಅವರ ತೋಟಕ್ಕ ಹೋಗೂದೈತಿ, ನೆನಪಿರಲಿ" ಅಂದ.

"ಸಾವಕಾರ್ರಿಗಿ ಹೇಳ," ಅಂದಳು ಸಕ್ಕುಬಾಯಿ. "ಹಾಡು ಇಲ್ಲೇ ಐತಿ. ಬೀಗರನ್ನ ಕರಕೊಂಡ ಬರ್ರಿ, ಚಾಪಿ ಹಾಸಿ ಕುಂದರಸ್ತೀವಿ. ಇದು ಅಂಗಳದಾಗ ನಿಂತ ಹಾಡೂ ಹಾಡಲ್ಲ."

ಸಾವಕಾರರು ಬರಲಿಲ್ಲ. ಮರುದಿನ ತೋಟದ ಬಾಗಿಲಲ್ಲಿ, ಈ ಸಲ ಹೆಚ್ಚಿನ ಆಳು ಬೇಡ ಎಂಬ ಉತ್ತರ ಸಿಕ್ಕಿತು. ಸಕ್ಕುಬಾಯಿ ಕತ್ತರಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ತಿರುಗಿದಳು. ಅವಳ ಹಿಂದೆ ಓಣಿಯ ಇನ್ನೂ ನಾಲ್ಕೈದು ಹೆಂಗಸರು ತಿರುಗಿದರು. ಕಾಗವಾಡದ ಕಡೆಯ ತೋಟಗಳಿಗೆ ಟಂಟಂ ರಿಕ್ಷಾ ಹಿಡಿದು ಹೋಗತೊಡಗಿದರು. ದೂರವಾಯಿತು, ಮನೆಗೆ ಬರುವಷ್ಟರಲ್ಲಿ ಕತ್ತಲಾಗುತ್ತಿತ್ತು, ಆ ವರ್ಷ ಕೈ ಬಿಗಿಯಾಯಿತು. ಮುಂದಿನ ಹಂಗಾಮಿಗೆ, ಬಳ್ಳಿ ಸವರಲು ಪಳಗಿದ ಕೈ ಸಿಗದೆ, ಸಾವಕಾರರು ಹೇಳಿಕಳಿಸಿದರು. ಮಾಯಪ್ಪ ಹೋದ. ಅವಳು ಹೋಗಲಿಲ್ಲ.

ಎರಡು ಸಾವಿರದ ಹದಿನಾಲ್ಕರಲ್ಲಿ ಸಮಾಧಾನ ಮತ್ತೊಮ್ಮೆ ಬಂದ. ತಲೆ ಅರ್ಧ ನೆರೆತಿತ್ತು. ಈಗ ಡಿಸ್ಕಿನ ಕಾಲ ಮುಗಿಯುತ್ತ ಬಂತು, ಆದರೂ ಇನ್ನೊಂದು ಮಾಡೋಣ ಎಂದ. ಸಕ್ಕುಬಾಯಿ ಮೂರು ದಿನ ಹಾಡಿದಳು. ವಯರು ಸುತ್ತಿ ಹೊರಡಲು ಅಣಿಯಾದವನನ್ನು ಬಾಗಿಲಲ್ಲೇ ತಡೆದಳು.

"ಮೊದಲ ನನಗ ಕೇಳಸ್ರಿ. ಎಲ್ಲಾ ಹಾಡೂ. ಆಮ್ಯಾಲ ನಾ ಹೂಂ ಅಂದರ ಒಯ್ಯಿರಿ. ಹೆಸರೂ ಬರೀ 'ಐನಾಪುರದ ತಂಡ' ಅಂತ ಬ್ಯಾಡ. ಸಕ್ಕುಬಾಯಿ, ಮಾಯಪ್ಪ, ಭೀಮಸಿ. ಹಿಂದ ಹೇಳೂ ಹೆಣಮಕ್ಕಳದೂ ಹಾಕ್ರಿ."

"ತಾಯಿ, ಬಸ್ಸಿಗೆ ಹೊತ್ತಾಗತೈತಿ."

"ನಾಳೆನೂ ಬಸ್ ಐತಿ."

ಸಮಾಧಾನ ಚೀಲ ಇಳಿಸಿದ. ಅವಳ ತಲೆಗೆ ಹೆಡ್‌ಫೋನು ಹಾಕಿದ. ಸಕ್ಕುಬಾಯಿ ಗೋಡೆಗೆ ಒರಗಿ, ಕಣ್ಣು ಮುಚ್ಚಿ, ಮೊದಲನೆಯ ಹಾಡಿನಿಂದ ಶುರುಮಾಡಿದಳು. ನಾಲ್ಕನೆಯದರಲ್ಲಿ ಕೈಯೆತ್ತಿ, "ಇದು ಬ್ಯಾಡ, ಮತ್ತ ಹಾಡತೀನಿ, ಹಚ್ರಿ ಮೈಕು" ಅಂದಳು.