ಮೊಳೆಗೆ ನೇತುಹಾಕಿದ ಬ್ಯಾಗು

ಮೊನ್ನೆ ಶ್ರೀರಂಗಪಟ್ಟಣದ ಬಸ್ ಸ್ಟ್ಯಾಂಡಿನ ಎದುರಿಗಿರುವ ಜೆರಾಕ್ಸ್ ಅಂಗಡಿಗೆ ಹೋಗಿದ್ದೆ. ಆಧಾರಿನಲ್ಲಿ ನಾನು ಹುಟ್ಟಿದ ದಿನ ಒಂದು, ಪೆನ್ಷನ್ ಕಾಗದದಲ್ಲಿ ಹುಟ್ಟಿದ ದಿನ ಇನ್ನೊಂದು ಎಂದು ಕಚೇರಿಯವರು ಕಂಡುಹಿಡಿದಿದ್ದರಿಂದ, ನಾನು ಒಂದೇ ಸಲ ಹುಟ್ಟಿದವನೆಂದು ರುಜುವಾತು ಮಾಡಬೇಕಾಗಿತ್ತು. ಅದಕ್ಕೆ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡೇ ಗತಿ. ಪಾಂಡವಪುರದ ಬಸ್ಸು ಹೊರಡಲು ಇನ್ನೂ ಹೊತ್ತಿತ್ತು. ಕಿಟಕಿಯಿಂದ ಟವಲು ಹಾಕಿ ಸೀಟು ಹಿಡಿದು, ನಿಶ್ಚಿಂತೆಯಿಂದ ಅಂಗಡಿಗೆ ನುಗ್ಗಿದೆ.

ಅಂಗಡಿಯ ಹೆಣ್ಣುಮಗಳು ಕವರಿನಿಂದ ಕಾರ್ಡು ತೆಗೆದವಳೇ ಮೂಗು ಅರಳಿಸಿದಳು. "ಇದೇನಂಕಲ್, ಕರ್ಪೂರದ ವಾಸ್ನೆ! ಗಣಿತದ ಮೇಲೆ ಕುಂಕುಮ ಬೇರೆ ಮೆತ್ಕೊಂಡಿದೆ. ಜೆರಾಕ್ಸಲ್ಲಿ ಕರ್ರಗೆ ಬರುತ್ತೆ, ಒರೆಸಿಬಿಡ್ಲಾ?"

"ಬೇಡ ತಾಯಿ, ಹಾಗೇ ತೆಗಿ" ಎಂದೆ. ಗಣಿತದಲ್ಲಿ ನನಗೆ ಬಂದ ಅಂಕ ಗೊತ್ತಿದ್ದರೆ ನೀವೂ ಹಾಗೇ ಅನ್ನುತ್ತಿದ್ದಿರಿ. ಆದರೆ ಕಾರಣ ಅದೊಂದೇ ಅಲ್ಲ. ಅಷ್ಟರಲ್ಲಿ ಕರೆಂಟು ಹೋಯಿತು. ಆಕೆ ಸ್ಟೂಲು ಕೊಟ್ಟಳು. ನೀವೂ ಒಂದು ಎಳೆದುಕೊಂಡು ಕೂತುಕೊಳ್ಳಿ, ಕರೆಂಟು ಬರುವವರೆಗೆ ಹೇಳುತ್ತೇನೆ.

ತೊಂಬತ್ತರ ದಶಕದ ಮಾತು. ನಾನಾಗ ಖಾಸಗಿ ಬಸ್ಸಿನ ಕಂಡಕ್ಟರು. ಕೆ.ಆರ್. ಪೇಟೆಯಲ್ಲಿ ಹೊರಟು ಚಿನಕುರಳಿ, ಪಾಂಡವಪುರ ದಾಟಿ ಶ್ರೀರಂಗಪಟ್ಟಣಕ್ಕೆ ಬರುವ ಬಸ್ಸು. ಮಾಲೀಕರು ಪಾಂಡವಪುರದ ಬೋರೇಗೌಡರು. ಒಳ್ಳೆಯ ಮನುಷ್ಯ, ಕೋಪ ಮಾತ್ರ ಮೂಗಿನ ತುದಿಯಲ್ಲೇ ಕೂತಿರುತ್ತಿತ್ತು. ಸಿಟ್ಟು ಬಂದರೆ ಎದುರಿಗಿದ್ದವನ ಕೆಲಸ ಆ ಕ್ಷಣವೇ ಹೋಯಿತು. ಅವನ ಹೆಗಲಿನ ಬ್ಯಾಗು, ಕೊರಳಿನ ವಿಶಲ್ಲು ಕಿತ್ತುಕೊಂಡು ಪಾಂಡವಪುರ ಬಸ್ ಸ್ಟ್ಯಾಂಡಿನ ಹೋಟೆಲಿನ ಗೋಡೆಯಲ್ಲಿದ್ದ ಮೊಳೆಗೆ ನೇತುಹಾಕಿ ಹೊರಟುಬಿಡುತ್ತಿದ್ದರು. ಕೆಲಸ ಕಳೆದುಕೊಂಡವನು ಮಾರನೆಯ ಬೆಳಿಗ್ಗೆ ಬಂದು, ಕಾಫಿ ಕುಡಿದು, ಮೊಳೆಯಿಂದ ಬ್ಯಾಗು ತೆಗೆದುಕೊಂಡು ಬಸ್ಸು ಹತ್ತುತ್ತಿದ್ದ. ಅವರೂ ಏನೂ ಕೇಳುತ್ತಿರಲಿಲ್ಲ, ಇವನೂ ಏನೂ ಹೇಳುತ್ತಿರಲಿಲ್ಲ. ನಮ್ಮ ಡ್ರೈವರ್ ಖಾದರ್ ಸಾಬರ ಕೆಲಸವಂತೂ ಹಬ್ಬಕ್ಕೊಮ್ಮೆ ಹೋಗುತ್ತಿತ್ತು. ಅವರಿಗೆ ಬ್ಯಾಗಿಲ್ಲವಲ್ಲ, ಅವರ ಟೋಪಿ ಮೊಳೆ ಹತ್ತುತ್ತಿತ್ತು.

ನನಗೋ ಟೈಮಿನ ಹುಚ್ಚು. ಮನೆಯಲ್ಲಿ ಊಟ ತಡವಾದರೂ ಸಹಿಸಿಕೊಂಡೇನು, ಬಸ್ಸು ತಡವಾದರೆ ಮೈಯೆಲ್ಲ ಉರಿ. ನನ್ನನ್ನು ಎಲ್ಲರೂ ಕರೆಯುತ್ತಿದ್ದುದೇ ಗಡಿಯಾರ ಎಂದು. ಗೌಡರ ಮಗಳ ಮದುವೆಯಾಗಿ ಬೀಗರ ಊಟದ ದಿನ, ಗಂಡಿನ ಕಡೆಯವರೆಲ್ಲ ಕೆ.ಆರ್. ಪೇಟೆಯಲ್ಲಿ ನಮ್ಮ ಬಸ್ಸು ಹತ್ತಿದರು. ಹತ್ತಿದವರು ಸುಮ್ಮನೆ ಕೂರಬಾರದೇ? ಕಾಫಿ ಕುಡೀತೀವಿ ಅಂತ ಇಳಿದರು. ಟೈಮಾಯಿತು. ಕೂಗಿದೆ. ಒಳಗಿನಿಂದ ಒಬ್ಬರು ಕೈ ಬೀಸಿ, "ತಡ್ಯಯ್ಯ, ನಾವು ಓನರ್ ಬೀಗ್ರು" ಎಂದರು. ಯಾರಾದರೇನು? ವಿಶಲ್ ಊದಿಬಿಟ್ಟೆ. ಪಾಂಡವಪುರದಲ್ಲಿ ಬಾಡೂಟ ಆರಿ ತಣ್ಣಗಾದ ಮೇಲೆ ಬೀಗರು ಲಾರಿಯಲ್ಲಿ ನಿಂತುಕೊಂಡು ಬಂದರಂತೆ. ಗೌಡರು ಇಡೀ ಬಸ್ ಸ್ಟ್ಯಾಂಡಿನೆದುರು ನನ್ನ ಬ್ಯಾಗು ಕಿತ್ತುಕೊಂಡರು.

"ಬೀಗ್ರನ್ನೇ ಬುಟ್ಬುಟ್ಟು ಬಂದವ್ನೆ, ಬೀಗ್ರನ್ನ! ಓಗ್ಲಾ, ಈ ಜನ್ಮದಲ್ಲಿ ನನ್ ಬಸ್ ಅತ್ಬ್ಯಾಡ!"

ಬೇರೆಯವರಾಗಿದ್ದರೆ ಮಾರನೆಯ ದಿನ ಮೊಳೆಯ ಹತ್ತಿರ ಹೋಗುತ್ತಿದ್ದರು. ನನಗೆ ಪಿಯುಸಿ ಮೆಟ್ಟಿಲು ಹತ್ತಿದವನೆಂಬ ಜಂಬ. ಹೋಗಲಿಲ್ಲ. ಆ ಹೊತ್ತಿಗೆ ಸರಿಯಾಗಿ ಸರ್ಕಾರಿ ಬಸ್ಸಿನ ಕಂಡಕ್ಟರ್ ಕೆಲಸದ ಸಂದರ್ಶನಕ್ಕೆ ಮೈಸೂರಿನಿಂದ ಕಾಗದ ಬಂತು. ಅಸಲು ಮಾರ್ಕ್ಸ್ ಕಾರ್ಡು ತರಬೇಕು, ಹಿಂದಿನ ಮಾಲೀಕರಿಂದ ಅನುಭವದ ಸರ್ಟಿಫಿಕೇಟು ತರಬೇಕು. ವಯಸ್ಸಿನ ಮಿತಿ ಆ ವರ್ಷಕ್ಕೆ ಮುಗಿಯುತ್ತಿತ್ತು. ಇದು ತಪ್ಪಿದರೆ ಜೀವನಪೂರ್ತಿ ಖಾಸಗಿ ಬಸ್ಸಿನ ಫುಟ್‌ಬೋರ್ಡೇ ಗತಿ. ಎರಡೂ ಕಾಗದ ಗೌಡರ ಕೈಯಲ್ಲಿದ್ದವು. ಕೆಲಸಕ್ಕೆ ಸೇರುವಾಗ ಎಲ್ಲರ ಮಾರ್ಕ್ಸ್ ಕಾರ್ಡನ್ನೂ ಅವರು ತೆಗೆದಿಟ್ಟುಕೊಳ್ಳುತ್ತಿದ್ದರು.

ಮೀಸೆ ಮಣ್ಣಾದರೂ ಚಿಂತೆಯಿಲ್ಲ ಎಂದುಕೊಂಡು ಹೋದೆ. ಗೌಡರು ಜಗಲಿಯ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು.

"ಗೌಡ್ರೇ, ನನ್ನ ಕೆಲ್ಸದಿಂದ ತೆಗ್ದ್ರಲ್ಲ, ಒಂದು ಸರ್ಟಿಫಿಕೇಟು..."

"ಯಾರ್ಲಾ ತೆಗ್ದವ್ರು?"

"ನೀವೇ ಗೌಡ್ರೇ, ಎಲ್ರ ಎದ್ರುಗೆ!"

"ನಾನ್ಯಾಕ್ಲಾ ತೆಗೀಲಿ? ಬ್ಯಾಗು ಮೊಳೆ ಮೇಲೈತೆ, ಎತ್ಕೊಂಡು ಓಗು. ಸರ್ಟಿಫಿಕೇಟಂತೆ! ನನ್ ಕಂಪ್ನಿಲಿ ಇದುವರ್ಗೂ ಒಬ್ನೂ ಕೇಳಿಲ್ಲ ಕಣ್ಲಾ. ಸಂಬಂಧ ಕಡ್ಕೊಳಕ್ಕೆ ಕಾಗ್ದ ಬೇರೆ ಬೇಕಾ ನಿಂಗೆ?"

ಹೀಗೆಂದು ಎದ್ದು ಒಳಗೆ ಹೋದವರು ಆಮೇಲೆ ಕೈಗೇ ಸಿಗಲಿಲ್ಲ. ಪಾಂಡವಪುರದಲ್ಲಿ ಕೇಳಿದರೆ ಹಳೇ ಬಸ್ಸಿನ ಚಾಸಿ ನೋಡಲು ನಾಗಮಂಗಲಕ್ಕೆ ಹೋದರು ಅಂದರು. ನಾಗಮಂಗಲಕ್ಕೆ ಹೋದರೆ ಈಗಷ್ಟೇ ತೊಣ್ಣೂರಿನ ಕಡೆ ಹೊರಟರು ಅಂದರು. ಓಡಾಡಿದ್ದೆಲ್ಲ ಗೌಡರ ಬಸ್ಸುಗಳಲ್ಲೇ. ದುಡ್ಡು ಕೊಡಲು ಹೋದರೆ ಅವರ ಕಂಡಕ್ಟರುಗಳು, "ನಮ್ ಸ್ಟಾಫಿಗೆ ಟಿಕೇಟಾ?" ಎಂದು ನಗುತ್ತಿದ್ದರು. ಕೆಲಸ ಹೋಗಿದೆ ಎಂದು ಈ ಭೂಮಿಯ ಮೇಲೆ ನಂಬಿದವನು ನಾನೊಬ್ಬನೇ. ಸುಸ್ತಾಗಿ ಕರಿಘಟ್ಟದ ದೇವರಿಗೂ ಹರಕೆ ಹೊತ್ತೆ.

ಮಾರ್ಕ್ಸ್ ಕಾರ್ಡು ಮಾತ್ರ ಸುಲಭವಾಗಿ ಸಿಕ್ಕಿತು. ಗೌಡರ ಮನೆಯವರು ನನ್ನ ಮುಖ ನೋಡಿ ಮರುಗಿ, ಮೊದಲು ಮುದ್ದೆ ಇಕ್ಕಿದರು. ಆಮೇಲೆ ದೇವರ ಮನೆಯಿಂದ ಕಾರ್ಡು ತಂದುಕೊಟ್ಟರು. ಅದರ ಮೇಲೆ ಹೆಬ್ಬೆಟ್ಟಿನಷ್ಟು ಕುಂಕುಮ!

"ಇದ್ಯಾಕೆ ಅವ್ವಾ?"

"ಆಯುಧ ಪೂಜೆ ದಿನ ಬಸ್ಸಿಗೆ ಇಟ್ಟಂಗೆ ಇದ್ಕೂ ಇಟ್ಟಿವ್ನಿ ಕಣಪ್ಪ. ಓದಿದ್ದು ನಿಮ್ ಆಯುಧ ಅಲ್ವಾ?" ಎಂದರು.

ಸರ್ಟಿಫಿಕೇಟಿಗೆ ದಾರಿ ತೋರಿಸಿದವರು ಖಾದರ್ ಸಾಬರು. "ಅರೇ ಭಾಯ್, ತೆಗ್ದಿಲ್ಲ ಅಂತಾವ್ರಲ್ಲ? ಬಹುತ್ ಅಚ್ಛಾ! ಬ್ಯಾಗ್ ಎತ್ಕೊ, ಡ್ಯೂಟಿ ಮಾಡು. ಆಮೇಲೆ ನೀನೇ ಬಿಡ್ತೀನಿ ಅನ್ನು. ಬಿಡೋನಿಗೆ ಕಾಗ್ದ ಕೊಡ್ಲೇಬೇಕು."

ಸಂದರ್ಶನಕ್ಕೆ ಒಂದೇ ದಿನ ಉಳಿದಿತ್ತು. ಹಲ್ಲು ಕಚ್ಚಿಕೊಂಡು ಮೊಳೆಯಿಂದ ಬ್ಯಾಗು ತೆಗೆದೆ. ಹೋಟೆಲಿನವನು ಅದನ್ನು ದಿನಾ ಒರೆಸಿಡುತ್ತಿದ್ದನಂತೆ, ಗೌಡರ ಅಪ್ಪಣೆ. ಕೆ.ಆರ್. ಪೇಟೆಯಲ್ಲಿ ಗೌಡರೇ ಬಸ್ಸು ಹತ್ತಿದರು. ಬೀಗರನ್ನು ಸಮಾಧಾನ ಮಾಡಿ ಬರುತ್ತಿದ್ದರು. ನನ್ನ ಹೆಗಲಿನ ಬ್ಯಾಗು ನೋಡಿ ಮುಖ ಅರಳಿತು. ನಾನು ಕೈ ಮುಗಿದು, ನಾಳೆ ಬೆಳಿಗ್ಗೆ ಮೈಸೂರಿಗೆ ಹೋಗಬೇಕು, ಇದೇ ನನ್ನ ಕಡೇ ಟ್ರಿಪ್ಪು ಎಂದೆ. ಅರಳಿದ ಮುಖ ಬಾಡಿತು. ಕಾಗದ ಕೇಳಿ ಪಡೆದು, ತೊಡೆಯ ಮೇಲಿಟ್ಟುಕೊಂಡು ಬರೆದು, ಸಹಿ ಮಾಡಿ, ತಮ್ಮ ಜೇಬಿಗೇ ಇಳಿಸಿಕೊಂಡರು. "ಶ್ರೀರಂಗಪಟ್ಣಕ್ಕೆ ಬಸ್ ಮುಟ್ಟಿಸು, ಕೊಡ್ತೀನಿ" ಎಂದರು.

ಚಿನಕುರಳಿಯಲ್ಲಿ ಗೌಡರು ವೀಳ್ಯದೆಲೆಗೆಂದು ಇಳಿದರು. ಎಲೆ ಆರಿಸಿದರು, ಮಾತಿಗೆ ನಿಂತರು. ಟೈಮಾಯಿತು. ನನ್ನ ಬದುಕು ಅವರ ಜೇಬಿನಲ್ಲಿದೆ! ಕಾಯೋಣ ಎಂದುಕೊಂಡೆ. ಆಗ ಕೋಳಿ ಪುಟ್ಟಿ ಇಟ್ಟುಕೊಂಡು ಕೂತಿದ್ದ ಒಬ್ಬ ಅಜ್ಜಿ ಗಟ್ಟಿಯಾಗಿ ಅಂದಿತು: "ಯಾಕಪ್ಪಾ ಗಡಿಯಾರ, ನಿಂತೋದೆ? ಬೀಗ್ರಿಗೊಂದು ನ್ಯಾಯ, ಗೌಡ್ರಿಗೊಂದು ನ್ಯಾಯವಾ?"

ಬಸ್ಸಿಗೆ ಬಸ್ಸೇ ನನ್ನ ಮುಖ ನೋಡಿತು. ಏನು ಮಾಡಲಿ ಹೇಳಿ? ಕಣ್ಣು ಮುಚ್ಚಿಕೊಂಡು ಊದಿದೆ. "ಯಾ ಅಲ್ಲಾ, ಓನರ್‌ನೇ ಬಿಟ್ಟು?" ಎಂದು ಖಾದರ್ ಸಾಬರು ತಿರುಗಿದರು. ಇನ್ನೊಮ್ಮೆ ಊದಿದೆ. ಬಸ್ಸು ಹೊರಟಿತು. ಹಿಂದೆ ಗೌಡರು ಪಂಚೆ ಎತ್ತಿಕೊಂಡು ಓಡಿ ಬರುತ್ತಾ, "ಲೇ, ನಿಲ್ಸಲಾ! ನಾನ್ಯಾರು ಗೊತ್ತೇನ್ಲಾ?" ಎಂದು ಕೂಗುತ್ತಿದ್ದರು.

ಶ್ರೀರಂಗಪಟ್ಟಣದಲ್ಲಿ ಬಸ್ಸು ಖಾಲಿಯಾದ ಮೇಲೆ ತಲೆಯ ಮೇಲೆ ಕೈಹೊತ್ತು ಕೂತೆ. ನನ್ನಂಥ ಮುಠ್ಠಾಳ ಇನ್ನೊಬ್ಬ ಹುಟ್ಟಿರಲಿಕ್ಕಿಲ್ಲ. ಅಷ್ಟರಲ್ಲಿ ಡರ್ರ್ ಎಂದು ಒಂದು ಹಾಲಿನ ಗಾಡಿ ಬಂತು. ಹಾಲಿನವನ ಹಿಂದೆ, ಎರಡು ಕ್ಯಾನುಗಳ ನಡುವೆ ಕಾಲು ಅಗಲಿಸಿಕೊಂಡು ಗೌಡರು! ಪಂಚೆಯೆಲ್ಲ ಹಾಲು. ನನ್ನ ಜೇಬಿನಿಂದ ಪೆನ್ನು ಕಿತ್ತುಕೊಂಡು, ಬಾನೆಟ್ಟಿನ ಮೇಲೆ ಕಾಗದ ಹರಡಿ ಇನ್ನೆರಡು ಸಾಲು ಗೀಚಿ, ನನ್ನ ಎದೆಗೆ ಒತ್ತಿದರು.

"ತಗೋ. ಈಗ ತೆಗ್ದಿವ್ನಿ ಕಣ್ಲಾ ನಿನ್ನ. ನಿಜ್ವಾಗ್ಲೂ ತೆಗ್ದಿವ್ನಿ. ಎಲ್ಲಾರಾ ಓಗಿ ಚೆಂದಾಗಿರು."

ಬ್ಯಾಗನ್ನು ಕಿತ್ತುಕೊಳ್ಳಲಿಲ್ಲ. ಕೈ ಚಾಚಿದರು, ನಾನೇ ಕೊಟ್ಟೆ. ನನಗೆ ಅಳು ಬಂದುಬಿಟ್ಟಿತು. ಅವರು ಹೊಸದಾಗಿ ಗೀಚಿದ್ದು ಇಷ್ಟು: "ಈತ ಟೈಮಾದರೆ ಮಾಲೀಕನನ್ನೂ ಬಿಟ್ಟು ಹೋಗುತ್ತಾನೆ. ಸರ್ಕಾರದವರು ಯೋಚಿಸಿ ತೆಗೆದುಕೊಳ್ಳುವುದು." ಮೈಸೂರಿನಲ್ಲಿ ಅಧಿಕಾರಿಗಳು ಅದನ್ನು ಒಬ್ಬರಿಗೊಬ್ಬರು ಓದಿ ಹೇಳಿ ನಕ್ಕರು. ಕುಂಕುಮದ ಅಡಿಯಲ್ಲಿ ಏನಿದೆಯೆಂದು ಯಾರೂ ಕೇಳಲಿಲ್ಲ. ಕೆಲಸ ಸಿಕ್ಕಿತು. ನನ್ನ ಜಾಗಕ್ಕೆ ಬಂದವನಿಗೆ ಗೌಡರು ಹೊಸ ಬ್ಯಾಗು ಕೊಡಿಸಿದರಂತೆ. ನನ್ನದು ಅವರಿರುವವರೆಗೂ ಮೊಳೆಯ ಮೇಲೇ ಇತ್ತೆಂದು ಖಾದರ್ ಸಾಬರು ಹೇಳಿದರು.

ಕರೆಂಟು ಬಂತು. ಗಣಿತದ ಮೇಲೆ ಕರೀ ಮಚ್ಚೆಯಿದ್ದ ಜೆರಾಕ್ಸು ಹಿಡಿದು ಹೊರಗೆ ಬಂದರೆ, ನನ್ನ ಬಸ್ಸು ಗೇಟು ದಾಟುತ್ತಿದೆ! ಕಿಟಕಿಯಲ್ಲಿ ನನ್ನ ಟವಲು. ಪಂಚೆ ಎತ್ತಿಕೊಂಡು ಓಡಿದೆ. "ಲೇ, ನಿಲ್ಸಲಾ! ನಾನ್ಯಾರು ಗೊತ್ತೇನ್ಲಾ?" ಫುಟ್‌ಬೋರ್ಡಿನ ಕಂಡಕ್ಟರು ನನ್ನನ್ನು ನೋಡಿದ, ವಾಚು ನೋಡಿದ, ವಿಶಲ್ ಊದಿದ.

ಏದುಸಿರು ಬಿಡುತ್ತಾ ಅಲ್ಲೇ ನಿಂತೆ. ಇಷ್ಟು ವರ್ಷ ಈ ಕಥೆ ಹೇಳಿ ಹೇಳಿ ನಗಿಸಿದ್ದೇನೆ, ಒಂದು ಮಾತು ಹೊಳೆದೇ ಇರಲಿಲ್ಲ. ಚಿನಕುರಳಿಯಿಂದ ಬರುವಾಗ ಪಾಂಡವಪುರ ಮೊದಲು ಸಿಗುತ್ತದೆ. ಗೌಡರ ಮನೆ ಅಲ್ಲೇ. ಇಳಿದು, ಪಂಚೆ ಬದಲಾಯಿಸಿ, ಉಂಡು ಮಲಗಬಹುದಾಗಿತ್ತು. ಮನೆ ದಾಟಿಕೊಂಡು, ಕ್ಯಾನುಗಳ ನಡುವೆ ಕೂತು, ಇಲ್ಲಿಯತನಕ ಬಂದಿದ್ದರು.

ನಾನು ಪಂಚೆ ಇಳಿಬಿಟ್ಟು ಕಣ್ಣೊರೆಸಿಕೊಂಡೆ. ಆಮೇಲೆ ಯಾವುದಾದರೂ ಹಾಲಿನ ಗಾಡಿ ಬರುತ್ತದೇನೋ ಎಂದು ರಸ್ತೆ ನೋಡುತ್ತಾ ನಿಂತೆ.