ಬಾದಶಹನ ಕೊರಳಿಗೆ ಕೊಬ್ಬರಿ ಸರ

ಉಡುತಡಿಯ ಹತ್ತಿರದ ನನ್ನ ಗಂಡನ ಮನೆಯ ಪಡಸಾಲೆಯಲ್ಲಿ, ದೇವರ ಪಟಗಳಿಗಿಂತ ಮೇಲೆ, ಮೊಗಲ ಬಾದಶಹನೊಬ್ಬ ಕೂತಿದ್ದ. ಮಾವ ಶಿರಾಳಕೊಪ್ಪದ ಸಂತೆಯಿಂದ ತಂದು ಗಾಜು ಹಾಕಿಸಿದ ದರ್ಬಾರಿನ ಚಿತ್ರ. ಮೇಲೆ ಸಿಂಹಾಸನ, ಎರಡೂ ಕಡೆ ಕೈಕಟ್ಟಿ ನಿಂತ ಪೇಟದವರು, ಕೆಳಗೆ ಬಾಗಿಲ ಹತ್ತಿರ ಒಬ್ಬ ಬಡಪಾಯಿಗೆ ಕೋಲೆತ್ತಿ ಹೊಡೆಯುತ್ತಿರುವ ಕಾವಲುಗಾರ. ಅಷ್ಟು ಜನರಲ್ಲಿ ಒಬ್ಬನೂ ಆ ಕಡೆ ನೋಡುವುದಿಲ್ಲ. ಕಸ ಗುಡಿಸುವಾಗಲೆಲ್ಲ ಅದನ್ನು ಕಂಡು ನನಗೆ ಮೈ ಉರಿಯುತ್ತಿತ್ತು.

ಮಾವನಿಗೆ ಹೋರಿ ಹಬ್ಬವೆಂದರೆ ಪ್ರಾಣ. ದೀಪಾವಳಿಯ ಹೊತ್ತಿಗೆ ಹೋರಿಯ ಕೊರಳಿಗೆ ಕೊಬ್ಬರಿ ಸರ ಕಟ್ಟಿ ಜನರ ನಡುವೆ ಓಡಿಸುತ್ತಾರೆ. ಯಾರ ಕೈಗೂ ಸರ ಸಿಗದಿದ್ದರೆ ಹೋರಿ ಗೆದ್ದಂತೆ. ಗೆದ್ದ ಸರವನ್ನು ಮಾವ ಬಾದಶಹನಿಗೆ ಹಾಕಿ, ಕುಂಕುಮವಿಟ್ಟು, ಕೆಳಗೆ ಕುರ್ಚಿ ಎಳೆದುಕೊಂಡು ಕೂರುವರು. ನಾವೆಲ್ಲ ನಿಂತಿರಬೇಕು.

ಹೋದ ವರ್ಷ ಮಾವನ ಹೋರಿಯ ಸರ ಹರಿದವನು ನನ್ನ ತಮ್ಮ. ಆನವಟ್ಟಿಯ ನನ್ನ ತವರಿಗೆ ಇರುವ ಒಬ್ಬನೇ ಗಂಡು. ಊರೆದುರು ಮಾವನ ಮಾನ ಮೂರು ಕಾಸಿಗೆ ಹರಾಜಾಯಿತು. ಅದೇ ಸಂಜೆ, ಹಬ್ಬಕ್ಕೆ ಅಕ್ಕನ ಮನೆಗೆ ಬರಿಗೈಲಿ ಹೋಗಬಾರದೆಂದು, ಆ ಕೊಬ್ಬರಿಯನ್ನೇ ಟವೆಲ್ಲಿನಲ್ಲಿ ಕಟ್ಟಿಕೊಂಡು ಬೈಕಿನಲ್ಲಿ ಬಂದ, ಮಂಗ!

"ತಗಳೇ ಅಕ್ಕ, ನಿಮ್ಮನೆ ಕೊಬ್ರಿ ನಿಮ್ಮನೆಗೇ. ಮಿಠಾಯಿ ಮಾಡು," ಎಂದು ಹೊಸ್ತಿಲಲ್ಲಿ ನಕ್ಕ.

ಮಾವ ಬಡಿಗೆ ಎತ್ತಿ ಅವನ ಕಿವಿಯ ಮೇಲೆಯೇ ಬಾರಿಸಿದರು. ತಮ್ಮ ಕುಸಿದ. "ನನ್ ಮರ್ಯಾದಿ ಹರದು ನನ್ ಬಾಗ್ಲಿಗೇ ತರ್ತೀಯೇನಲೇ!" ಬೆನ್ನಿಗೆ, ಮೊಣಕೈಗೆ, ಮತ್ತೆ ತಲೆಗೆ. ಕಿವಿಯಿಂದ ರಕ್ತ ಅಂಗಿಗಿಳಿಯಿತು. ಅತ್ತೆ, ಮೈದುನ, ನನ್ನ ಗಂಡ ಗೋಡೆಗಂಟಿ ಕೈಕಟ್ಟಿ ನಿಂತಿದ್ದರು.

"ಸಾಯ್ತಾನ್ರೀ, ಹಿಡ್ಕಳ್ರೀ ಅವ್ರನ್ನ!" ಎಂದು ಗಂಡನಿಗೆ ಚೀರಿದೆ. ಆ ಮಹಾನುಭಾವ ನೆಲ ನೋಡಿದ.

ಮಾವನ ಕುರ್ಚಿಯನ್ನೇ ಹತ್ತಿ ಪಟ ಕಿತ್ತು, ತಮ್ಮನ ತಲೆಗೆ ಅಡ್ಡ ಹಿಡಿದೆ. ತಾವೇ ಕುಂಕುಮವಿಟ್ಟ ಅರಸನಿಗೆ ಹೊಡೆಯಲಾರರು ಎಂದುಕೊಂಡಿದ್ದೆ. ಹೊಡೆದರು. ಗಾಜು ಸಿಡಿದು ನನ್ನ ಹುಬ್ಬು ಸೀಳಿತು. ಬಡಿಗೆ ಬಾದಶಹನ ಎದೆಯಲ್ಲಿ ತೂರಿ ಚೌಕಟ್ಟಿಗೆ ಸಿಕ್ಕಿಕೊಂಡಿತು. ಎಳೆದರೂ ಬರಲಿಲ್ಲ.

"ಹೊಡಿ, ನಂಗೂ ಹೊಡಿ! ಮನುಷ್ಯನೇನೋ ನೀನು?" ಎಂದೆ. ಮಾವನಿಗೆ ಏಕವಚನ, ಅದೇ ಮೊದಲು.

ತಮ್ಮ ಬದುಕಿದ. ಎಡಗಿವಿ ಹೋಯಿತು. ಪಟವನ್ನು ಮತ್ತೆ ಅದೇ ಮೊಳೆಗೆ ತೂಗುಹಾಕಿದವಳು ನಾನೇ. ಅರಸನಿದ್ದಲ್ಲಿ ಈಗ ತೂತು. ಕೆಳಗೆ ಏಟು ತಿನ್ನುವವನು ಹಾಗೇ ಇದ್ದಾನೆ. ಹೊಸದು ತರುತ್ತೇನೆಂದ ಗಂಡನಿಗೆ, "ಮುಟ್ಟಿದ್ರೆ ನೋಡಿ," ಎಂದಿದ್ದೇನೆ.

ಈ ದೀಪಾವಳಿಗೂ ತಮ್ಮ ಬಂದ. ಗೇಟಿನಾಚೆಯೇ ನಿಂತ. ಆರತಿ ತಟ್ಟೆ ಹಿಡಿದು ಹೊರಟ ನನಗೆ, ಪಟದ ಕೆಳಗೆ ಕೂತಿದ್ದ ಮಾವ, "ಒಳಗ್ ಬಾ ಅಂತ ಹೇಳವ್ವ ಅವಂಗೆ," ಎಂದರು.

"ನೀವೇ ಎದ್ದು ಹೋಗಿ ಕರೀರಿ. ಬಲಗಿವಿ ಹತ್ರ ಹೇಳಿ, ಅದು ಕೇಳುತ್ತೆ."

ಅವರು ಏಳಲಿಲ್ಲ. ನಾನು ಗೇಟಿನಲ್ಲೇ ತಮ್ಮನಿಗೆ ಆರತಿ ಎತ್ತಿದೆ.