ಮನೆ ಮುಟ್ಟಿಸುವ ಆದಮ್ಮ

ಆಸ್ಪತ್ರೆಯ ಆಯಾ ಎಂದರೆ ನೆಲ ಒರೆಸುವವಳು ಎಂದುಕೊಂಡವರೇ ಹೆಚ್ಚು. ಸಿಂಧನೂರಿನ ನಮ್ಮ ಆಸ್ಪತ್ರೆಯ ಆದಮ್ಮನ ಕೆಲಸ ಬೇರೆ. ಗುಣವಾಗಿ ಹೊರಟ ಮುದುಕರ ಜೊತೆ ಅವರವರ ಊರಿಗೆ ಹೋಗಿ, ಮಂಚದ ಮೇಲೆ ಮಲಗಿಸಿ, ಹೇಗೆ ಎಬ್ಬಿಸಬೇಕು, ಏನು ಉಣಿಸಬೇಕು ಎಂದು ಮನೆಯವರಿಗೆ ತೋರಿಸಿ ಬರುವುದು. ನಾನು ಶಕೀಲ್, ಆ ವ್ಯಾನ್ ಓಡಿಸುವವನು. ಆದಮ್ಮ ಬಳಗಾನೂರಿನ ಗದ್ದೆಗಳಲ್ಲಿ ಭತ್ತದ ಕಳೆ ಕಿತ್ತು ಬೆಳೆದ ಹೆಂಗಸು. ಆಚೆ ಬದುವಿನವರಿಗೆ ಕೇಳುವಂತೆ ಕೂಗಿ ಮಾತಾಡುವ ರೂಢಿ ಇನ್ನೂ ಬಿಟ್ಟಿಲ್ಲ. ಬಾಯಿ ಜೋರು, ಕೈ ಮಾತ್ರ ಮೆತ್ತಗೆ.

ಆ ದಿನ ವ್ಯಾನಿನಲ್ಲಿ ಇಬ್ಬರಿದ್ದರು. ನನ್ನ ಪಕ್ಕದ ಸೀಟಿನಲ್ಲಿ ಲಿಂಗಸುಗೂರಿನ ದುರುಗಪ್ಪ ಮುತ್ಯಾ, ತೊಡೆಮೂಳೆ ಮುರಿದು ಆಪರೇಷನ್ ಆದ ಅಜ್ಜ. ಹಿಂದೆ ಸ್ಟ್ರೆಚರಿನ ಮೇಲೆ ಮಸ್ಕಿಯ ವೀರಭದ್ರಮ್ಮ. ಲಕ್ವ ಹೊಡೆದು ಆಕೆಯ ಬಲಗೈ, ಮಾತು ಎರಡೂ ಹೋಗಿದ್ದವು. ಹೊರಡುವ ಮುನ್ನ ಡಾಕ್ಟರು ಆಕೆಯ ಮಗ ಶಿವಶರಣಪ್ಪನಿಗೆ ಬಿಡಿಸಿ ಹೇಳಿದ್ದರು. ತಾಯಿ ಬದುಕುತ್ತಾರೆ, ಆದರೆ ಗಂಟಲು ಇನ್ನೂ ಸುಧಾರಿಸಿಲ್ಲ. ನೀರು ಕುಡಿಸಿದರೆ ಅದು ಶ್ವಾಸಕೋಶಕ್ಕೆ ಇಳಿದು ಉಸಿರು ಕಟ್ಟುತ್ತದೆ. ಎಬ್ಬಿಸಿ ಕೂಡಿಸಿ ಗಟ್ಟಿ ಗಂಜಿ ಮಾತ್ರ ಉಣಿಸಿ. ಆತ ಹೂಂ ಎಂದು ತಲೆಯಾಡಿಸಿ, ಬೈಕ್ ಹತ್ತಿ ನಮಗಿಂತ ಮುಂಚೆ ಹೋಗಿದ್ದ.

ಮಸ್ಕಿ ಹತ್ತಿರವಾದಂತೆ ಆದಮ್ಮ ಹಿಂದಿನಿಂದ ಕೂಗಿದಳು.

"ಮನಿ ಮುಂದ ಮಂದಿ ಕೂಡ್ಯಾರೇನು ನೋಡೋ ಶಕೀಲ."

ಆಕೆಯ ಅಂಜಿಕೆ ನನಗೆ ಗೊತ್ತು. ನಮ್ಮ ಕಡೆ ಆಸ್ಪತ್ರೆಯ ಗಾಡಿ ಮುದಿ ಜೀವವೊಂದನ್ನು ಮಲಗಿಸಿಕೊಂಡು ಬಂತೆಂದರೆ, ಡಾಕ್ಟರು ಕೈಬಿಟ್ಟರು ಎಂದೇ ಊರವರ ಲೆಕ್ಕ. ಎಷ್ಟೋ ಸಲ ಅದು ನಿಜವೂ ಹೌದು. ಬಳಗವೆಲ್ಲ ಬಂದು ಬಾಯಿಗೆ ನೀರು ಬಿಡುತ್ತದೆ. ನಮ್ಮವರೂ ಅಷ್ಟೆ, ಮೆಕ್ಕಾದಿಂದ ತಂದ ಜಮ್‌ಜಮ್ ನೀರು ಬಿಡುತ್ತೇವೆ. ಬಾಯಾರಿದ ಜೀವ ಹಾಗೇ ಹೋಗಬಾರದು ಎಂಬ ಪ್ರೀತಿ ಅದು. ಆ ಪ್ರೀತಿಗೆ ಯಾರು ಅಡ್ಡ ನಿಲ್ಲುತ್ತಾರೆ?

ಶಿವಶರಣಪ್ಪನ ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಮಂಚವನ್ನು ಹೊರಗೆ ಗೋಡೆಗೆ ಒರಗಿಸಿದ್ದರು. ಒಳಗೆ ನೆಲ ತೊಳೆದು ಕಂಬಳಿ ಹಾಸಿದ್ದರು, ಪಕ್ಕದಲ್ಲಿ ಹಿತ್ತಾಳೆ ತಂಬಿಗೆ, ಒಂದು ಚಮಚ. ವ್ಯಾನಿನ ಬಾಗಿಲು ತೆರೆದದ್ದೇ ಹೆಂಗಸರು ಗೊಳೋ ಎಂದು ಅತ್ತರು. ಸ್ಟ್ರೆಚರಿನ ಮೇಲೆ ವೀರಭದ್ರಮ್ಮನ ಕಣ್ಣುಗಳು ಅಗಲವಾದವು.

"ಯಾರು ಸತ್ತಾರಂತ ಅಳಾಕತ್ತೀರಿ? ಮಂಚ ಒಳಗ ತರ್ರಿ ಮೊದಲ!" ಎಂದು ಆದಮ್ಮ ಗದರಿದಳು.

ಮಂಚ ಒಳಗೆ ಬಂತು. ಆಕೆ ಮುದುಕಿಯನ್ನು ದಿಂಬಿಗೆ ಒರಗಿಸಿ ಕೂಡಿಸಿ, ತಂದಿದ್ದ ಗಂಜಿಯನ್ನು ತುಸುತುಸುವೇ ಉಣಿಸಿದಳು. ಗಂಟಲು ಏರಿ ಇಳಿಯಿತು.

"ನೋಡ್ರಿ, ನುಂಗಾಕತ್ತಾಳ. ನೀರು ಬ್ಯಾಡ, ಇದನ್ನ ಕೊಡ್ರಿ, ಬದುಕ್ತಾಳ."

ವೀರಭದ್ರಮ್ಮನ ನಾದಿನಿ ಶಿವಬಸಮ್ಮ ಕಣ್ಣೊರೆಸಿಕೊಂಡು ಮೆಲ್ಲಗೆ ಹೇಳಿದರು. "ನಿನ್ನ ಮಾತು ಖರೇನ ಇದ್ದೀತು ತಂಗಿ. ಆದ್ರ ದೂರದಿಂದ ಬಂದೀವಿ. ನಮ್ಮ ಕೈಯಾಗಿನ ಹನಿ ನೀರು ಮುಟ್ಟದ ಹೋದ್ಲಂದ್ರ, ಮಂದಿಗೆ ಯಾವ ಮಾರಿ ತೋರ್ಸೂಣು?"

ಆದಮ್ಮ ತಂಬಿಗೆ ಎತ್ತಿಕೊಂಡು ಹೋಗಿ ನೀರನ್ನು ಅಂಗಳಕ್ಕೆ ಚೆಲ್ಲಿದಳು. ಯಾರೂ ಜಗಳಕ್ಕೆ ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು.

"ನೀರು ಕೊಡಂಗಿಲ್ಲ ಅಂತ ಮಾತು ಕೊಡ್ರಿ ಅಣ್ಣಾರ."

"ಕೊಡಂಗಿಲ್ಲ, ನೀವು ಹೋಗಿಬರ್ರಿ" ಎಂದ ಶಿವಶರಣಪ್ಪ. ಹೇಳುವಾಗ ಸೋದರತ್ತೆ ಶಿವಬಸಮ್ಮನ ಮುಖ ನೋಡುತ್ತಿದ್ದ, ಆದಮ್ಮನದಲ್ಲ.

ಹೊರಗೆ ಬಿಸಿಲಲ್ಲಿ ದುರುಗಪ್ಪ ಮುತ್ಯಾ ನೋವಿಗೆ ನರಳುತ್ತಿದ್ದರು. ಅವರನ್ನು ಹಾಗೇ ಕೂಡಿಸಿ ಇಲ್ಲಿ ನಿಲ್ಲುವಂತಿರಲಿಲ್ಲ. ಆದಮ್ಮ ಎದ್ದಳು. ವೀರಭದ್ರಮ್ಮನ ಎಡಗೈ ಆಕೆಯ ಸೆರಗನ್ನು ಬಿಗಿಯಾಗಿ ಹಿಡಿದಿತ್ತು. ಒಂದೊಂದೇ ಬೆರಳು ಬಿಡಿಸಿಕೊಳ್ಳಬೇಕಾಯಿತು.

ಮತ್ತೆ ಹೊರಟೆವು. ನನಗೆ ಒಂದೇ ಸಮನೆ ಸಿಟ್ಟು, ಯಾರ ಮೇಲೆಂದು ಗೊತ್ತಿಲ್ಲ. ಲಿಂಗಸುಗೂರು ಇನ್ನೇನು ಬಂತು ಎನ್ನುವಾಗ ಆದಮ್ಮನ ಫೋನ್ ರಿಂಗಾಯಿತು. ಸ್ಪೀಕರಿಗೆ ಹಾಕಿದಳು. ಶಿವಶರಣಪ್ಪ ಬಿಕ್ಕುತ್ತಿದ್ದ.

"ಅಕ್ಕಾ, ಅವ್ವ ಹೋದ್ಲು. ನೀವು ಹೇಳಿದಂಗ ಬದುಕೋ ಜೀವ ಅಲ್ರಿ ಅದು. ನಾಕು ಮಂದಿ ನೀರು ಬಿಡೂದ್ರಾಗ ಉಸಿರು ನಿಂತ್ತು. ಪುಣ್ಯಾತ್ಮರು ನೀವು, ವ್ಯಾಳ್ಯಾಕ್ಕ ಮನಿ ಮುಟ್ಟಿಸಿದ್ರಿ. ನಿಮ್ಮ ಉಪಕಾರ ಸಾಯೋತನಕ ಮರಿಯಂಗಿಲ್ಲ."

ಆತನ ಅಳು ಸುಳ್ಳಲ್ಲ, ಕೃತಜ್ಞತೆಯೂ ಸುಳ್ಳಲ್ಲ. ಅದೇ ಹೆಚ್ಚು ನೋಯಿಸಿತು. ಆದಮ್ಮ ಫೋನನ್ನು ಮಡಿಲಲ್ಲಿಟ್ಟುಕೊಂಡು ಸದ್ದಿಲ್ಲದೆ ಅತ್ತಳು. ಅಂಥ ಗಟ್ಟಿ ದನಿಯವಳು ಹಾಗೆ ಅಳುವುದನ್ನು ನಾನು ಕಂಡಿರಲಿಲ್ಲ.

ನನ್ನ ಪಕ್ಕದಲ್ಲಿ ದುರುಗಪ್ಪ ಮುತ್ಯಾ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಕಾಲಿನ ನೋವಿಗೆ ಹಿಂದಕ್ಕೆ ಹೊರಳಲಾಗದೆ, ಮುಂದಿನ ರಸ್ತೆಯನ್ನೇ ನೋಡುತ್ತ ಕರೆದರು.

"ಯವ್ವಾ ಆದಮ್ಮ, ಅಳೂದು ಆಮ್ಯಾಲ. ಮೊದಲ ನಮ್ಮ ಮನಿಗೆ ಫೋನ್ ಹಚ್ಚಬೇ. ಬಂದ ಮಂದೀನ ಅವರವರ ಊರಿಗೆ ಕಳಸು ಅಂತ ನನ್ನ ಮಗಳಿಗೆ ಹೇಳು. ನನಗ ಇನ್ನೂ ಬದುಕೂದೈತಿ."